ಯಾವ ಒರಿಜಿನಲ್?

ಹಳೆಯ ಆರ್ಕೇಡ್ ಗೇಮ್ ಪೆಟ್ಟಿಗೆಗಳನ್ನು ಸರಿಮಾಡುವವರಿಗೆ ಅತಿ ಖುಷಿಯ ಕೆಲಸ ಅಂದ್ರೆ ಪಕ್ಕದ ಚಿತ್ರ ಅಂಟಿಸೋದು. ಹಲಗೆ ಉಜ್ಜಿ, ಗುಳಿಗಳಿಗೆ ಪುಟ್ಟಿ ತುಂಬಿ, ಬಣ್ಣ ಹೊಡೆದು, ಸೋಪಿನ ನೀರು ಚಿಮುಕಿಸಿ, ಹೊಸದಾಗಿ ಪ್ರಿಂಟ್ ಮಾಡಿಸಿದ ವಿನೈಲನ್ನು ಮೇಲಿನಿಂದ ನಿಧಾನಕ್ಕೆ ಇಳಿಸುತ್ತಾ ಬರಬೇಕು. ಒಂದು ಗಾಳಿಗುಳ್ಳೆ ಉಳಿದರೂ ಅವರ ಕಣ್ಣಿಗೆ ಚುಚ್ಚುತ್ತೆ. ನನಗೆ ಚುಚ್ಚೋದು ಮೊದಲಿನ ಆ ಉಜ್ಜಾಟ.

'ಒರಿಜಿನಲ್ ರೂಪಕ್ಕೆ ತರ್ತಿದ್ದೀವಿ' ಅಂತಾರೆ. ಯಾವ ಒರಿಜಿನಲ್? ಅಮೆರಿಕದಲ್ಲಿ ನಿಂಟೆಂಡೊದ 'ರೇಡಾರ್ ಸ್ಕೋಪ್' ಓಡಲಿಲ್ಲ. ಮಾರಾಟವಾಗದೆ ಉಳಿದ ಸುಮಾರು 2,000 ಪೆಟ್ಟಿಗೆಗಳಿಗೆ 1981ರಲ್ಲಿ 'ಡಾಂಕಿ ಕಾಂಗ್' ತುಂಬಿದರು. ಅದಕ್ಕೇ ಮೊದಮೊದಲ ಡಾಂಕಿ ಕಾಂಗ್ ಪೆಟ್ಟಿಗೆಗಳು ಕೆಂಪು. ನೀಲಿ ಬಂದದ್ದು ಆಮೇಲೆ. ಅಣ್ಣನ ಯೂನಿಫಾರ್ಮ್ ತಮ್ಮನಿಗೆ ಬಂದ ಹಾಗೆ.

ಅಂಥದ್ದೊಂದು ಪೆಟ್ಟಿಗೆಯ ಮೇಲೆ, ಸರದಿಗೆ ಕಾಯುತ್ತಿದ್ದ ಯಾವನೋ ಹುಡುಗ ಕೀಲಿಕೈಯಿಂದ ಗೀಚಿದ ಎರಡಕ್ಷರ ಇದೆ ಅನ್ನಿ. ಫ್ಯಾಕ್ಟರಿಯ ಚಿತ್ರವನ್ನು ಎಷ್ಟು ಸಲ ಬೇಕಾದರೂ ಪ್ರಿಂಟ್ ಮಾಡಿಸಬಹುದು, ಆ ಗೀಚು ಮತ್ತೆ ಸಿಗಲ್ಲ. "ಅದು ಹಾಳುಮಾಡಿದ್ದು ಕಣ್ರೀ, ಇತಿಹಾಸ ಅಲ್ಲ" ಅಂತೀರಿ. ಇರಬಹುದು. ಆದರೆ ಉಜ್ಜಿದ ಮೇಲೆ ಮನಸ್ಸು ಬದಲಾದರೆ ವಾಪಸ್ ದಾರಿ ಇಲ್ಲ, ಹಾಗಾಗಿ ನಾನಾಗಿದ್ದರೆ ಉಜ್ಜಲ್ಲ.

ತೇವ ಕುಡಿದು ಉಬ್ಬಿ, ಚಿತ್ರವೇ ಉಳಿಯದ ಹಲಗೆಯಾದರೆ ಹೊಸದನ್ನು ಅಂಟಿಸಿ, ತಕರಾರಿಲ್ಲ. ಪೆಟ್ಟಿಗೆಯ ಒಳಗೆಲ್ಲಾದರೂ ಪೆನ್ಸಿಲಲ್ಲಿ ತಾರೀಖು ಹಾಕಿ, 'ಈ ಚಿತ್ರ ಹೊಸದು' ಅಂತ ಬರೆದಿಡಿ. ಮುಂದೆ ಕೊಳ್ಳುವವನು ನಿಮ್ಮ ಕೈಚಳಕ ನೋಡಿ, 1981ರದ್ದೇ ಅಂದುಕೊಂಡು ದುಡ್ಡು ಎಣಿಸಬಾರದಲ್ಲ.