ಗಾಳಿಗಿರಣಿಯೂ ಗುಡ್ಡದ ನೆರೆಯವರೂ

ಒಂದು ಕಾರ್ಯವು ಒಳ್ಳೇದಾಗಿದ್ದರೆ ಅದನ್ನು ಯಾವ ಸ್ಥಳದಲ್ಲಿ ಮಾಡಿದರೂ ಒಳ್ಳೇದೋ? ಗದಗು ಸೀಮೆಯ ಕಪ್ಪತಗುಡ್ಡದ ಸಾಲಿನಲ್ಲಿ ತಿರುಗುವ ಗಾಳಿಗಿರಣಿಗಳನ್ನು ನೋಡುವವರ ಮನಸ್ಸಿನಲ್ಲಿ ಈ ಪ್ರಶ್ನೆಯು ಹುಟ್ಟದೆ ಇರದು.

ಅವುಗಳ ಕೆಲಸವು ಒಳ್ಳೇದೆಂಬದರಲ್ಲಿ ಸಂದೇಹವಿಲ್ಲ. ಕಲ್ಲಿದ್ದಲನ್ನು ಸುಡದೆ, ಹೊಗೆಯನ್ನು ಬಿಡದೆ ವಿದ್ಯುತ್ತನ್ನು ಕೊಡುತ್ತವೆ. ಬೆಟ್ಟದ ತುದಿಯನ್ನು ಬಯಸುವದಕ್ಕೂ ಕಾರಣವುಂಟು. ಯಾಕಂದರೆ ಗಾಳಿಯ ವೇಗವು ಎರಡರಷ್ಟಾದರೆ ಅದರ ಬಲವು ಎಂಟರಷ್ಟಾಗುತ್ತದೆ. ಆದಕಾರಣ ಬೈಲನ್ನು ಬಿಟ್ಟು ದಿಣ್ಣೆಯನ್ನು ಹುಡುಕುವವನನ್ನು ಬರೀ ಲೋಭಿಯೆಂದು ಕರೆಯುವದು ನ್ಯಾಯವಲ್ಲ.

ಆದರೆ ಗುಡ್ಡವು ಬರಿದಾದ ಸ್ಥಳವಲ್ಲ. ಕಪ್ಪತಗುಡ್ಡವು ಔಷಧದ ಗಿಡಮೂಲಿಕೆಗಳಿಗೆ ಹೆಸರಾದದ್ದು; 2019ರಲ್ಲಿ ಸರಕಾರವು ಅದನ್ನು ವನ್ಯಜೀವಿಧಾಮವೆಂದು ಸಾರಿತು. ಗಿರಣಿಯ ಕಂಬವು ಹಿಡಿಯುವ ನೆಲವು ಸ್ವಲ್ಪವೇ. ಆದರೂ ಅದರ ನೀಳವಾದ ರೆಕ್ಕೆಗಳನ್ನು ಮೇಲಕ್ಕೆ ಸಾಗಿಸುವದಕ್ಕೆ ಗುಡ್ಡದ ಮೈಯನ್ನು ಕಡಿದು ಅಗಲವಾದ ದಾರಿಯನ್ನು ಮಾಡಬೇಕಾಗುತ್ತದೆ. ಕಡಿದ ಮಣ್ಣು ಮಳೆಗಾಲದಲ್ಲಿ ಹಳ್ಳಕ್ಕೆ ಇಳಿಯುತ್ತದೆ. ಹಳ್ಳದ ಕೆಳಗೆ ಹೊಲವುಳ್ಳವನನ್ನು ಯಾರಾದರೂ ಕೇಳುವರೋ?

ಕೇಳಿದರೆ ಉತ್ತರ ಕೊಡಲಾರದ ನೆರೆಯವರೂ ಇದ್ದಾರೆ. ಸಾತಾರಾ ಸೀಮೆಯಲ್ಲಿ ಚಾಳಕೇವಾಡಿಯೆಂಬ ಎತ್ತರವಾದ ಬೈಲುಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪಂಡಿತರು ಅಲ್ಲಿ ಶೋಧಿಸಿ 2018ರಲ್ಲಿ ಪ್ರಕಟಿಸಿದ್ದೇನಂದರೆ, ಗಿರಣಿಗಳಿರುವ ಕಡೆಯಲ್ಲಿ ಬೇಟೆಹಕ್ಕಿಗಳು ಸುಮಾರು ನಾಲ್ಕರಲ್ಲಿ ಒಂದು ಪಾಲು ಮಾತ್ರ ಇದ್ದವು. ಹದ್ದು ಗಿಡುಗಗಳ ಭಯವು ತಗ್ಗಿದ್ದರಿಂದ ಓತಿಕೇತಗಳು ಹೆಚ್ಚಿದ್ದವು. ಮನುಷ್ಯನು ಹತ್ತಿರ ಬಂದರೂ ಅವು ಬೇಗನೆ ಓಡಲಿಲ್ಲ. ದಾರಿಹೋಕನ ಕಣ್ಣಿಗೆ ಹುಲ್ಲುಗಾವಲು ಹುಲ್ಲುಗಾವಲಾಗಿಯೇ ತೋರುವದು. ಒಳಗಾದರೋ ಜೀವಿಗಳ ನಡತೆಯೇ ಬೇರೆಯಾಗಿತ್ತು.

ಕಾನೂನು ಇದನ್ನು ನೋಡಿಕೊಳ್ಳುವದೆಂದು ಕೆಲವರು ಹೇಳಬಹುದು. 2006ರ ಪರಿಸರ ಪ್ರಕಟಣೆಯ ಪಟ್ಟಿಯಲ್ಲಿ ಗಾಳಿಯ ವಿದ್ಯುತ್ತು ಸೇರಲಿಲ್ಲ. ಮನೆಗಳಿಂದ 500 ಮೀಟರು ದೂರವಿರಬೇಕೆಂದು 2016ರ ಮಾರ್ಗಸೂಚಿಯು ಹೇಳಿತು. ಅದು ಶಬ್ದದ ನಿಮಿತ್ತವಾಗಿ, ಅಂದರೆ ನಮ್ಮ ನಿದ್ರೆಗೋಸ್ಕರ. ನಮ್ಮ ನಿದ್ರೆಗೆ ಅಳತೆ ಸಿಕ್ಕಿದ್ದು ಸಂತೋಷವೇ.

ನನ್ನ ಅಭಿಪ್ರಾಯವೇನಂದರೆ, ಯಂತ್ರವನ್ನು ತರುವದಕ್ಕಿಂತ ಮುಂಚೆ ಬೇಸಗೆಯಲ್ಲಿಯೂ ಮಳೆಯಲ್ಲಿಯೂ ಆ ಗುಡ್ಡದಲ್ಲಿ ನಡೆದಾಡಿ, ಕುರುಬರನ್ನು ವಿಚಾರಿಸಿ, ಹಕ್ಕಿಗಳನ್ನು ಎಣಿಸಬೇಕು. ಮೊದಲೇ ದಾರಿಯುಳ್ಳ ಉತ್ತ ನೆಲವು, ಒಡೆಯನ ಒಪ್ಪಿಗೆಯಿಂದ ಸಿಕ್ಕುವದಾದರೆ, ಅಲ್ಲಿ ಗಾಳಿಯು ಕೊಂಚ ಕಡಿಮೆಯಿದ್ದರೂ ಅದನ್ನೇ ಆರಿಸಿಕೊಳ್ಳಬೇಕು. ಇದರಿಂದ ವಿದ್ಯುತ್ತಿನ ಬೆಲೆಯು ಸ್ವಲ್ಪ ಏರೀತು. ಆ ಹೆಚ್ಚಿನ ಕಾಸನ್ನು ಗುಣುಗುಟ್ಟದೆ ಕೊಡುವದಕ್ಕೆ, ರಾತ್ರಿ ದೀಪದ ಬೆಳಕಿನಲ್ಲಿ ಕೂತು ಇದನ್ನು ಓದುವ ನಾವು ಸಿದ್ಧರಾಗಿದ್ದೇವೋ?