ಹಿಮಕರಡಿ ಮತ್ತು ನೀಲಗಿರಿ ಮರ



ಹಿಮಕರಡಿ ಹೆಚ್ಚೋ, ನೀಲಗಿರಿ ಮರ ಹೆಚ್ಚೋ ಎಂದು ಯಾರಾದರೂ ಕೇಳಿದರೆ ನಗು ಬರುತ್ತದೆ. ಒಂದು ಉತ್ತರ ಧ್ರುವದ ಪ್ರಾಣಿ, ಇನ್ನೊಂದು ಆಸ್ಟ್ರೇಲಿಯಾದ ಮರ. ಆದರೂ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ನಮಗೊಂದು ಪಾಠವಿದೆ.

ಹಿಮಕರಡಿಯ ಬಿಳಿ ಕೂದಲಿನ ಕೆಳಗೆ ಕಪ್ಪು ಚರ್ಮ, ಅದರಡಿ ದಪ್ಪ ಕೊಬ್ಬು. ಹೆಪ್ಪುಗಟ್ಟಿದ ಸಮುದ್ರದ ಮೇಲೆ ನಿಂತು ಅದು ಸೀಲ್ ಬೇಟೆಯಾಡುತ್ತದೆ. ನೀಲಗಿರಿಗೋ ಬಿಸಿಲೇ ಬಂಧು. ಕಡಿದರೂ ಬುಡದಿಂದ ಮತ್ತೆ ಚಿಗುರುತ್ತದೆ. ತವರಿನಲ್ಲಿ ಅದರ ಎಲೆಯೇ ಕೋಲಾ ಎಂಬ ಪ್ರಾಣಿಯ ಊಟ. ದೇವರ ಒಳ್ಳೆಯತನವನ್ನು ಒಂದೇ ಜೀವಿ ಪೂರ್ತಿಯಾಗಿ ತೋರಲಾರದು, ಆದ್ದರಿಂದಲೇ ಅವರು ಬಗೆಬಗೆಯ ಜೀವಿಗಳನ್ನು ಸೃಷ್ಟಿಸಿದರು ಎಂದು ಸಂತ ತೋಮಾಸ್ ಅಕ್ವಿನಾಸರು ಕಲಿಸಿದ್ದಾರೆ.

ಹಾಗಾದರೆ ಕೇಡು ಎಲ್ಲಿಂದ ಬಂತು? ನಾವು ಉರಿಸುವ ಕಲ್ಲಿದ್ದಲು, ಎಣ್ಣೆಗಳಿಂದ ಭೂಮಿ ಕಾದು, ಹಿಮಕರಡಿಯ ಕಾಲ ಕೆಳಗಿನ ಮಂಜು ಕರಗುತ್ತಿದೆ. ನೀಲಗಿರಿಯು ಟಿಪ್ಪು ಸುಲ್ತಾನನ ಕಾಲದಲ್ಲಿ ನಂದಿಬೆಟ್ಟಕ್ಕೆ ಬಂತೆನ್ನುತ್ತಾರೆ. ಅಲ್ಲಿಂದ ಹಬ್ಬಿದ ತಳಿಗೆ 'ಮೈಸೂರು ಗಮ್' ಎಂದೇ ಹೆಸರು. ಬೇಗ ಬೆಳೆಯುತ್ತದೆ, ಕಾಗದದ ಕಾರ್ಖಾನೆಗೆ ಸಲ್ಲುತ್ತದೆ ಎಂದು ಮಳೆ ಕಡಿಮೆಯಿರುವ ಜಿಲ್ಲೆಗಳಲ್ಲೂ ನೆಟ್ಟರು. ಅಂತರ್ಜಲಕ್ಕೆ ಕುತ್ತು ಬಂತೆಂಬ ದೂರು ಹೆಚ್ಚಿ, 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೆಡುವುದನ್ನು ನಿಷೇಧಿಸಿತು. ಕರಡಿಯ ಮನೆಯನ್ನು ಕರಗಿಸಿದೆವು. ಮರವನ್ನು ಅದರದಲ್ಲದ ಮನೆಯಲ್ಲಿ ಕೂರಿಸಿದೆವು. ತಪ್ಪು ಕರಡಿಯದೂ ಅಲ್ಲ, ಮರದ್ದೂ ಅಲ್ಲ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ನಮಗೆ ಇದು ದೂರದ ಮಾತಲ್ಲ. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯ ಬಂಡೆಗಳ ನಡುವೆ ನಮ್ಮದೇ ಕರಡಿಗಳಿವೆ. ಗೆದ್ದಲು, ಜೇನು, ಕಾಡಿನ ಹಣ್ಣು ಅವುಗಳ ಆಹಾರ. ಅವುಗಳಿಗಾಗಿ 2013ರಲ್ಲಿ ಅಲ್ಲಿ ಕರಡಿಧಾಮ ಘೋಷಣೆಯಾಯಿತು. ಹಣ್ಣಿನ ಗಿಡ ಕಡಿದು ನೀಲಗಿರಿ ನೆಟ್ಟರೆ ಕಣ್ಣಿಗೆ ಹಸಿರೇನೋ ಕಂಡೀತು, ಕರಡಿಯ ಹೊಟ್ಟೆ ತುಂಬದು. ಹಸಿದ ಕರಡಿ ಬಡವನ ಹೊಲಕ್ಕೆ ಇಳಿಯುತ್ತದೆ. ನೆಲೆ ತಪ್ಪುವ ಸಂಕಟ ಎಂಥದೆಂದು, ಮಳೆ ಕೈಕೊಟ್ಟ ವರ್ಷ ಮನೆಗೆ ಬೀಗ ಹಾಕಿ ಗುಳೆ ಹೋಗುವ ಕುಟುಂಬಗಳಿಗೆ ಯಾರೂ ಹೇಳಿಕೊಡಬೇಕಿಲ್ಲ.

ಆದಿಕಾಂಡವನ್ನು ಓದಿರಿ. ದೇವರು ಮಾನವನಿಗೆ ತೋಟವನ್ನು ಒಪ್ಪಿಸಿದ್ದು ದುಡಿದು ಉಣ್ಣಲು ಮಾತ್ರವಲ್ಲ, ಕಾಯಲು ಕೂಡ. ಜಗದ್ಗುರು ಫ್ರಾನ್ಸಿಸ್‌ರವರು 2015ರ ತಮ್ಮ 'ಲೌದಾತೊ ಸೀ' ವಿಶ್ವಪತ್ರದಲ್ಲಿ ಭೂಮಿಯ ಗೋಳನ್ನೂ ಬಡವರ ಗೋಳನ್ನೂ ಒಟ್ಟಿಗೆ ಆಲಿಸಲು ನಮ್ಮನ್ನು ಕರೆದರು.

ಆದ್ದರಿಂದ ಪ್ರಿಯರೇ, ಗಿಡ ನೆಡುವ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳೋಣ: ಇದು ಈ ಮಣ್ಣಿಗೆ ಒಗ್ಗುವುದೇ? ಇದರಿಂದ ಯಾರ ಹೊಟ್ಟೆ ತುಂಬೀತು? ಈ ಮಳೆಗಾಲದಲ್ಲಿ ಮಕ್ಕಳ ಕೈಯಿಂದಲೇ ಬದುವಿನ ಮೇಲೆ ಒಂದು ಹೊಂಗೆಯನ್ನೋ, ಬೇವನ್ನೋ, ಹುಣಸೆಯನ್ನೋ ನೆಡಿಸಿರಿ. ಅದಕ್ಕೆ ನೀರೆರೆಯುವುದೂ ಪ್ರಾರ್ಥನೆಯೇ.