ಎರಡಾಗಿ ಕಾಣುವ ಚಂದ್ರ

ಬಾನಿನಲ್ಲಿ ಚಂದ್ರ ಒಬ್ಬನೇ. ಕೆಲವರ ಕಣ್ಣಿಗೆ ಇಬ್ಬರು. ಹಾಗೆ ಕಂಡಾಗ ದೋಷ ಎಲ್ಲಿದೆ? ಲೋಕದಲ್ಲೋ, ಕಣ್ಣಿನಲ್ಲೋ, ನೋಡುವವನ ಹಣೆಬರಹದಲ್ಲೋ?

ನಮ್ಮ ದಾರ್ಶನಿಕರು ಈ ಪ್ರಶ್ನೆಯನ್ನು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಬಿಡದೆ ಚರ್ಚಿಸಿದ್ದಾರೆ. ಬ್ರಹ್ಮಸೂತ್ರ ಭಾಷ್ಯದ ಪೀಠಿಕೆಯಲ್ಲಿ ಶಂಕರಾಚಾರ್ಯರು ಭ್ರಮೆಗೆ ಎರಡು ದೃಷ್ಟಾಂತ ಕೊಡುತ್ತಾರೆ. ಒಂದು ಬೆಳ್ಳಿಯಂತೆ ತೋರುವ ಚಿಪ್ಪು, ಇನ್ನೊಂದು ಎರಡಾಗಿ ತೋರುವ ಚಂದ್ರ. ರಾಮಾನುಜರು ಶ್ರೀಭಾಷ್ಯದಲ್ಲಿ ಇದೇ ಚಂದ್ರನನ್ನು ಎತ್ತಿಕೊಂಡು ಬೇರೆ ದಾರಿ ಹಿಡಿಯುತ್ತಾರೆ. ಬೆರಳಿನಿಂದ ಕಣ್ಣನ್ನು ಒತ್ತಿದಾಗ ಅಥವಾ ತಿಮಿರವೆಂಬ ಕಣ್ಣುರೋಗ ಬಂದಾಗ ನೋಟದ ದಾರಿ ಎರಡಾಗಿ ಕವಲೊಡೆಯುತ್ತದೆ. ಒಂದು ಕವಲು ಚಂದ್ರನನ್ನು ಇದ್ದಲ್ಲೇ ಹಿಡಿದರೆ ಮತ್ತೊಂದು ತುಸು ಸರಿದು ಹಿಡಿಯುತ್ತದೆ. ಕಣ್ಣಿನಿಂದಲೇ ಕಿರಣ ಹೊರಟು ವಸ್ತುವನ್ನು ಮುಟ್ಟುತ್ತದೆಂಬ ಆ ಕಾಲದ ನಂಬಿಕೆ ಇಂದು ನಿಲ್ಲುವುದಿಲ್ಲ. ಆದರೆ ಅವರು ಹೇಳಿದ ಕಾರಣದ ಸ್ವರೂಪ ಮಾತ್ರ ಇಂದಿನ ನೇತ್ರ ತಜ್ಞರ ವಿವರಣೆಗೆ ತೀರ ಹತ್ತಿರದ್ದು. ಎರಡು ಕಣ್ಣುಗಳು ಒಂದೇ ಗುರಿಯತ್ತ ತಿರುಗದಿದ್ದರೆ ಒಂದೇ ವಸ್ತು ಎರಡು ಜಾಗದಲ್ಲಿ ಕಾಣುತ್ತದೆ.

ಈ ವಾದದ ಮೂರನೆಯ ಎಳೆ ಕೊಪ್ಪಳ ಜಿಲ್ಲೆಯಲ್ಲೇ ಇದೆ. ಗಂಗಾವತಿ ತಾಲ್ಲೂಕಿನ ಆನೆಗೊಂದಿಯ ಬಳಿ, ತುಂಗಭದ್ರೆಯ ನಡುಗಡ್ಡೆಯಲ್ಲಿರುವ ನವಬೃಂದಾವನದಲ್ಲಿ ಮಧ್ವ ಪರಂಪರೆಯ ಒಂಬತ್ತು ಯತಿಗಳ ಬೃಂದಾವನಗಳಿವೆ. ಮಧ್ವಾಚಾರ್ಯರ ನೇರ ಶಿಷ್ಯ ಪದ್ಮನಾಭತೀರ್ಥರದು ಅಲ್ಲಿದೆ. ‘ನ್ಯಾಯಾಮೃತ’, ‘ತರ್ಕತಾಂಡವ’ಗಳನ್ನು ಬರೆದು 1539ರಲ್ಲಿ ತೀರಿಕೊಂಡ ವ್ಯಾಸರಾಯರದೂ ಅಲ್ಲೇ ಇದೆ. ಈ ಪರಂಪರೆಯ ಜಯತೀರ್ಥರು ‘ಪ್ರಮಾಣಪದ್ಧತಿ’ಯಲ್ಲಿ ಪ್ರತ್ಯಕ್ಷವನ್ನು ವಿವರಿಸುವಾಗ ಒಂದು ಷರತ್ತು ಹಾಕುತ್ತಾರೆ: ಇಂದ್ರಿಯ ದೋಷರಹಿತವಾಗಿರಬೇಕು. ಲೋಕ ಸತ್ಯ, ಕಣ್ಣೂ ನಂಬತಕ್ಕದ್ದೇ, ಆದರೆ ಕಣ್ಣಿನಲ್ಲಿ ದೋಷವಿದ್ದರೆ ಆ ದೋಷವನ್ನು ಹುಡುಕಬೇಕು. ಎರಡಾಗಿ ಕಂಡದ್ದು ಲೋಕದ ತಪ್ಪೂ ಅಲ್ಲ, ನೋಡಿದವನ ಪಾಪವೂ ಅಲ್ಲ.

ಈ ವಿವೇಕ ನದಿ ದಾಟಿ ಊರುಗಳಿಗೆ ಇಳಿದದ್ದು ಕಡಿಮೆ. ಯಲಬುರ್ಗಾ, ಕುಷ್ಟಗಿ ಕಡೆಯ ಹಳ್ಳಿಗಳಲ್ಲಿ ಮಗುವಿನದು ಮೆಳ್ಳಗಣ್ಣು ಎಂದರೆ ಎರಡು ಮಾತು ಕೇಳಿಬರುತ್ತವೆ. ‘ಅದೃಷ್ಟದ ಕಣ್ಣ ಐತಿ, ಮುಟ್ಟಬ್ಯಾಡ್ರಿ’ ಎನ್ನುವುದು ಒಂದು. ಬಸುರಿಯಾಗಿದ್ದಾಗ ತಾಯಿ ಗ್ರಹಣ ನೋಡಿದ್ದಕ್ಕೆ ಹೀಗಾಯಿತು ಎನ್ನುವುದು ಇನ್ನೊಂದು. ಒಂದು ಮಾತು ಮುದ್ದಿನದು, ಮತ್ತೊಂದು ತಾಯಿಯ ತಲೆಗೆ ಕಟ್ಟುವ ಅಪವಾದ. ಪರಿಣಾಮ ಮಾತ್ರ ಒಂದೇ, ಮಗುವನ್ನು ಯಾರೂ ಕಣ್ಣಿನ ಡಾಕ್ಟರ ಬಳಿಗೆ ಒಯ್ಯುವುದಿಲ್ಲ. ಇದೇ ಮನೆಗಳು ಅಜ್ಜಿಯ ಕಣ್ಣಿನ ಪೊರೆ ತೆಗೆಸಲು ಹಿಂಜರಿಯುವುದಿಲ್ಲ. ಬೀಳಗಿಯ ಡಾ. ಎಂ. ಸಿ. ಮೋದಿಯವರು ಊರೂರಿನ ಶಿಬಿರಗಳಲ್ಲಿ ಪೊರೆ ತೆಗೆದ ಮೇಲೆ ಅದನ್ನು ಹಣೆಬರಹ ಎನ್ನುವವರು ಕಡಿಮೆಯಾದರು. ಮೆಳ್ಳಗಣ್ಣಿಗೆ ಆ ಭಾಗ್ಯ ಇನ್ನೂ ಬಂದಿಲ್ಲ.

ಮೂಗಿನ ಕಡೆಗೋ ಕಿವಿಯ ಕಡೆಗೋ ವಾಲಿದ ಕಣ್ಣು ಎಲ್ಲರಿಗೂ ಗೊತ್ತಾಗುತ್ತದೆ. ಒಂದು ಕಣ್ಣು ಮೇಲೆ, ಇನ್ನೊಂದು ಕೆಳಗೆ ನಿಲ್ಲುವ ದೋಷ ಹಾಗಲ್ಲ, ಅದು ವರ್ಷಗಟ್ಟಲೆ ಅಡಗಿರಬಲ್ಲದು. ಪ್ರತಿ ಕಣ್ಣನ್ನೂ ತಿರುಗಿಸುವುದು ಆರು ಸ್ನಾಯುಗಳು, ನಾಲ್ಕು ನೇರ, ಎರಡು ಓರೆ. ಮೇಲಿನ ಓರೆ ಸ್ನಾಯುವಿನ ದಾರಿ ವಿಚಿತ್ರ. ಅದು ಕಣ್ಣುಗೂಡಿನ ಹಿಂಬದಿಯಿಂದ ಬಂದು, ಮೂಗಿನ ಬದಿಯ ಮೇಲ್ಮೂಲೆಯಲ್ಲಿರುವ ಮೃದ್ವಸ್ಥಿಯ ಉಂಗುರದೊಳಗೆ ತೂರಿ, ಬಾವಿಯ ರಾಟೆಯ ಮೇಲಿನ ಹಗ್ಗದಂತೆ ದಿಕ್ಕು ಬದಲಿಸಿ ಕಣ್ಣುಗುಡ್ಡೆಗೆ ಅಂಟುತ್ತದೆ. ಇದನ್ನು ನಡೆಸುವುದು ಮಿದುಳಿನ ನಾಲ್ಕನೇ ನರ. ಮಿದುಳಿನಿಂದ ಹೊರಡುವ ಹನ್ನೆರಡು ಜೋಡಿ ನರಗಳಲ್ಲಿ ಇದೇ ಅತಿ ತೆಳುವಾದದ್ದು, ತಲೆಬುರುಡೆಯೊಳಗೆ ಅತಿ ಉದ್ದ ದಾರಿ ಸಾಗುವುದೂ ಇದೇ. ಆದ್ದರಿಂದಲೇ ತಲೆಗೆ ಬಿದ್ದ ಪೆಟ್ಟಿಗೆ ಇದು ಬೇಗ ಸಿಕ್ಕಿಬೀಳುತ್ತದೆ. ಕುಷ್ಟಗಿಯ ಮೇಲೆ ಹಾದುಹೋಗುವ ಹೆದ್ದಾರಿಯಲ್ಲಿ ಹೆಲ್ಮೆಟ್ ಇಲ್ಲದೆ ಬೈಕಿನಿಂದ ಬಿದ್ದವನಿಗೆ ಮೈಮೇಲಿನ ಗಾಯವೆಲ್ಲ ಮಾಯ್ದ ಮೇಲೂ ಲೋಕ ಎರಡಾಗಿ ಕಾಣಬಹುದು.

ಹುಟ್ಟಿನಿಂದಲೇ ಈ ಸ್ನಾಯು ಸೋತಿದ್ದರೆ ಮಗು ತಲೆಯನ್ನು ಒಂದು ಭುಜದತ್ತ ವಾಲಿಸಿ ನೋಡುತ್ತದೆ. ಹಾಗೆ ವಾಲಿಸಿದಾಗ ಎರಡೂ ಕಣ್ಣು ಸಮವಾಗುತ್ತವೆ. ‘ಕೂಸು ಕತ್ತ ಸೊಟ್ಟ ಮಾಡ್ಕೊಂಡ ನೋಡತೈತ್ರಿ’ ಎಂದು ತಂದೆತಾಯಿ ಕತ್ತಿನ ಚಿಕಿತ್ಸೆಗೆ ಅಲೆಯುತ್ತಾರೆ, ಎಣ್ಣೆ ಹಚ್ಚಿ ತಿಕ್ಕುತ್ತಾರೆ. ಕತ್ತಿನದೇನೂ ತಪ್ಪಿಲ್ಲ, ಅದು ಕಣ್ಣಿನ ಕೊರತೆಯನ್ನು ತುಂಬಿಕೊಡುತ್ತಿದೆ. ನಲವತ್ತು ದಾಟಿ ದೋಷ ಹೊರಬಿದ್ದವರಿಗೆ ವೈದ್ಯರು ಹಳೆಯ ಫೋಟೊ ತರಲು ಹೇಳುವುದು ಇದಕ್ಕೇ. ಶಾಲೆಯ ಗುಂಪು ಚಿತ್ರದಿಂದ ಮದುವೆಯ ಆಲ್ಬಮ್ಮಿನವರೆಗೆ ತಲೆ ಒಂದೇ ಕಡೆ ವಾಲಿದ್ದರೆ ದೋಷ ಹಳೆಯದು, ಹೊಸ ಕಾಯಿಲೆಯ ಭಯ ಕಡಿಮೆ.

ತಾತ್ವಿಕ ಪ್ರಶ್ನೆ ನಿಜವಾಗಿ ಬಿಗಿಯಾಗುವುದು ಇಲ್ಲಿ. ದೊಡ್ಡವರಿಗೆ ಕಣ್ಣು ಹಠಾತ್ತನೆ ಓರೆಯಾದರೆ ಎಲ್ಲವೂ ಎರಡೆರಡಾಗಿ ಕಾಣುತ್ತದೆ. ಓರೆಗಣ್ಣಿನ ಎಳೆಯ ಮಗುವಿಗೆ ಹಾಗಾಗುವುದು ಅಪರೂಪ, ಅದಕ್ಕೆ ಒಂದೇ ಕಾಣುತ್ತದೆ. ಹಾಗಾದರೆ ಮಗುವಿನ ನೋಟವೇ ಸರಿಯೆ? ಅಲ್ಲ. ಬೆಳೆಯುತ್ತಿರುವ ಮಿದುಳು ಗೊಂದಲ ತಾಳಲಾರದೆ ಒಂದು ಕಣ್ಣಿನ ವರದಿಯನ್ನು ತಳ್ಳಿಹಾಕುತ್ತದೆ. ಹೀಗೆ ವರ್ಷಗಳು ಕಳೆದರೆ ಆರೋಗ್ಯವಾಗಿರುವ ಆ ಕಣ್ಣು ನೋಡುವುದನ್ನೇ ಕಲಿಯದೆ ಮಂದವಾಗುತ್ತದೆ. ಚಿಕ್ಕ ವಯಸ್ಸಿನಲ್ಲೇ ಒಳ್ಳೆಯ ಕಣ್ಣಿಗೆ ಪಟ್ಟಿ ಕಟ್ಟಿ ಮಂದವಾದ ಕಣ್ಣಿಗೆ ಕೆಲಸ ಕೊಟ್ಟರೆ ಅದು ಚೇತರಿಸಿಕೊಳ್ಳುತ್ತದೆ, ತಡವಾದಷ್ಟೂ ಕಷ್ಟ. ಅಂದರೆ ಒಂದಾಗಿ ಕಾಣುವುದರಲ್ಲಿ ಎರಡು ಬಗೆಯಿದೆ. ಎರಡು ಕಣ್ಣು ಹೇಳಿದ್ದನ್ನೂ ಕೂಡಿಸಿಕೊಂಡು ಬಂದ ಒಂದು ಬೇರೆ, ಒಂದರ ಬಾಯಿ ಮುಚ್ಚಿಸಿ ಪಡೆದ ಒಂದು ಬೇರೆ. ಎರಡನೆಯದರಲ್ಲಿ ಆಳದ ಅಂದಾಜು ಸಿಗುವುದಿಲ್ಲ, ನೋಟ ಚಪ್ಪಟೆ. ಎರಡು ಚಂದ್ರರನ್ನು ಕಂಡು ಗಾಬರಿಯಾದ ದೊಡ್ಡವನ ಅನುಭವವೇ ಒಂದು ಅರ್ಥದಲ್ಲಿ ಹೆಚ್ಚು ಪ್ರಾಮಾಣಿಕ, ಕಣ್ಣುಗಳು ಹೊಂದುತ್ತಿಲ್ಲ ಎಂಬುದನ್ನು ಅದು ಬಚ್ಚಿಡುವುದಿಲ್ಲ. ಕೊಪಣವೆಂದು ಹೆಸರಾಗಿದ್ದ ಕೊಪ್ಪಳ ಒಂದು ಕಾಲಕ್ಕೆ ಜೈನರ ದೊಡ್ಡ ತೀರ್ಥ. ವಸ್ತುವಿಗೆ ಹಲವು ಮುಖಗಳಿವೆ, ಒಂದನ್ನೇ ಹಿಡಿದು ಉಳಿದದ್ದನ್ನು ಅಲ್ಲಗಳೆಯಬಾರದು ಎಂಬ ಅನೇಕಾಂತವಾದ ಅವರದು. ಮಗುವಿನ ಮಿದುಳು ಮಾಡಿಕೊಳ್ಳುವ ರಾಜಿಯನ್ನು ಆ ಮುನಿಗಳು ಒಪ್ಪುತ್ತಿರಲಿಲ್ಲ ಎನಿಸುತ್ತದೆ.

ಹಣೆಬರಹ ಎನ್ನುವವರಿಗೆ ಉತ್ತರವೂ ಹಳೆಯ ಗ್ರಂಥದಲ್ಲೇ ಇದೆ. ಚರಕಸಂಹಿತೆಯ ವಿಮಾನಸ್ಥಾನ ದೈವವನ್ನೂ ಪುರುಷಪ್ರಯತ್ನವನ್ನೂ ಒಟ್ಟಿಗೆ ತೂಗುತ್ತದೆ. ಎಲ್ಲವೂ ಮೊದಲೇ ನಿಶ್ಚಯವಾಗಿದ್ದರೆ ಔಷಧಕ್ಕೆ ಕೆಲಸವೇ ಇರುತ್ತಿರಲಿಲ್ಲ ಎಂದು ಅಲ್ಲಿ ವಾದ ನಡೆಯುತ್ತದೆ. ಕರ್ಮವನ್ನು ನಂಬಿಯೂ ವೈದ್ಯನ ಬಾಗಿಲು ತಟ್ಟಬಹುದು, ತಟ್ಟಬೇಕು.

ಬಾಗಿಲು ತಟ್ಟಿದಾಗ ಮೊದಲ ಪ್ರಶ್ನೆ ಸರಳ: ‘ಒಂದ್ ಕಣ್ಣ ಮುಚ್ಚಿದ್ರ ಎರಡ ಕಾಣೋದು ನಿಲ್ಲತೈತೇನ್ರಿ?’ ಒಂದು ಕಣ್ಣು ಮುಚ್ಚಿದ ಮೇಲೂ ಎರಡೇ ಕಂಡರೆ ತೊಂದರೆ ಬಹುತೇಕ ಆ ತೆರೆದ ಕಣ್ಣಿನೊಳಗಿದೆ, ಪೊರೆಯೂ ಇರಬಹುದು. ಯಾವ ಕಣ್ಣು ಮುಚ್ಚಿದರೂ ನಿಂತರೆ ಜೋಡಿ ತಪ್ಪಿದೆ. ತಿಮಿರ, ಬೆರಳಿನ ಒತ್ತು ಎಂಬ ಭಾಷ್ಯದ ಎರಡು ಕಾರಣಗಳು ಹೀಗೆ ಎರಡು ಬೇರೆ ದಾರಿಗಳಾಗಿ ಆಸ್ಪತ್ರೆಯಲ್ಲಿ ಎದುರಾಗುತ್ತವೆ. ಜೋಡಿ ತಪ್ಪಲು ನರವೊಂದೇ ಕಾರಣವಲ್ಲ. ಥೈರಾಯ್ಡ್ ಕಾಯಿಲೆಯಲ್ಲಿ ಕೆಳಗಿನ ನೇರ ಸ್ನಾಯು ಊದಿ ಬಿರುಸಾಗಿ ಕಣ್ಣನ್ನು ಕೆಳಕ್ಕೆ ಜಗ್ಗುತ್ತದೆ. ಮುಖಕ್ಕೆ ಗುದ್ದು ಬಿದ್ದು ಕಣ್ಣುಗೂಡಿನ ತಳ ಒಡೆದರೆ ಅದೇ ಸ್ನಾಯು ಬಿರುಕಿನಲ್ಲಿ ಸಿಕ್ಕಿಕೊಳ್ಳಬಹುದು. ಸಕ್ಕರೆ ಕಾಯಿಲೆಯಿಂದ ನರ ಸೋತಿದ್ದರೆ ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ತಾನೇ ಸುಧಾರಿಸುತ್ತದೆ. ಆದರೆ ಇದ್ದಕ್ಕಿದ್ದಂತೆ ಎರಡು ಕಂಡು, ಜೊತೆಗೆ ತಲೆನೋವು, ರೆಪ್ಪೆ ಜೋಲುವುದು, ಮಾತು ತೊದಲುವುದು ಕಾಣಿಸಿದರೆ ಒಂದು ದಿನವೂ ಕಾಯಬಾರದು, ಅದು ಮಿದುಳಿನ ತುರ್ತು.

ಅಕ್ಕಪಕ್ಕದ ವ್ಯತ್ಯಾಸವನ್ನು ಸಾಕಷ್ಟು ಸರಿದೂಗಿಸಬಲ್ಲ ಮಿದುಳು ಮೇಲ್‌ಕೆಳಗಿನದರಲ್ಲಿ ಬೇಗ ಸೋಲುತ್ತದೆ. ಒಂದು ಮೀಟರ್ ದೂರದಲ್ಲಿ ಎರಡು ಮೂರು ಸೆಂಟಿಮೀಟರಿನಷ್ಟು ಅಂತರ ದಾಟಿದರೆ ಹೆಚ್ಚಿನವರಿಗೆ ಎರಡೂ ಚಿತ್ರ ಕೂಡುವುದಿಲ್ಲ. ನಾಲ್ಕನೇ ನರ ಸೋತವರಿಗೆ ಕೆಳಗೆ ನೋಡುವಾಗಲೇ ಕಷ್ಟ ಜಾಸ್ತಿ. ಅಂಥವರು ಆನೆಗೊಂದಿ ಬಳಿಯ ಅಂಜನಾದ್ರಿ ಬೆಟ್ಟದ 575 ಮೆಟ್ಟಿಲುಗಳನ್ನು ಹತ್ತಿಯಾರು, ಇಳಿಯುವಾಗ ಒಂದೊಂದು ಮೆಟ್ಟಿಲೂ ಎರಡು. ಗಂಗಾವತಿಯ ಗದ್ದೆಯಲ್ಲಿ ಬಗ್ಗಿ ಸಸಿ ನಾಟುವವಳಿಗೆ ಇದು ದಿನದ ಕೂಲಿಯ ಪ್ರಶ್ನೆ.

ಅಂತರ ಚಿಕ್ಕದಾದರೆ ಪ್ರಿಸಂ ಕನ್ನಡಕ ಸಾಕು. ದೊಡ್ಡದಾದರೆ ಶಸ್ತ್ರಚಿಕಿತ್ಸೆ. ಪೆಟ್ಟಿನಿಂದ ಬಂದದ್ದಾದರೆ ಸುಮಾರು ಆರು ತಿಂಗಳು ಕಾಯುತ್ತಾರೆ, ನರ ತಾನೇ ಚೇತರಿಸಬಹುದು. ಥೈರಾಯ್ಡಿನದಾದರೆ ರೋಗ ಒಂದೆಡೆ ನಿಲ್ಲುವ ತನಕ ಮುಟ್ಟುವುದಿಲ್ಲ. 1839ರಲ್ಲಿ ಬರ್ಲಿನ್ನಿನ ಡೀಫೆನ್‌ಬಾಖ್ ಒಬ್ಬ ಹುಡುಗನ ಕಣ್ಣಿನ ಸ್ನಾಯುವನ್ನು ಕತ್ತರಿಸಿ ಈ ವಿದ್ಯೆಗೆ ನಾಂದಿ ಹಾಡಿದ. ಅಂದು ಬರೀ ಕತ್ತರಿಸುವುದಿತ್ತು, ಇಂದಿನದು ಮಿಲಿಮೀಟರಿನ ಲೆಕ್ಕ. ‘ಕಣ್ಣ ಹೊರಗ ತಗೀತಾರ’ ಎಂಬ ಭಯ ಬೇಡ, ಕಣ್ಣುಗುಡ್ಡೆ ತನ್ನ ಜಾಗದಲ್ಲೇ ಇರುತ್ತದೆ. ಬಿಳಿಗುಡ್ಡೆಯ ಮೇಲಿನ ತೆಳುಪದರ ಬಿಡಿಸಿ, ಬಲ ಹೆಚ್ಚಾದ ಸ್ನಾಯುವನ್ನು ಹಿಂದಕ್ಕೆ ಸರಿಸಿ ಹೊಲಿಯುತ್ತಾರೆ ಇಲ್ಲವೆ ಸಡಿಲಾದದ್ದನ್ನು ಮಡಿಚಿ ಬಿಗಿ ಮಾಡುತ್ತಾರೆ. ಮೇಲಿನ ಓರೆ ಸ್ನಾಯು ಸೋತಲ್ಲಿ ಅದರ ಎದುರಾಳಿಯಾದ ಕೆಳಗಿನ ಓರೆ ಸ್ನಾಯುವಿನ ಬಲ ಕುಗ್ಗಿಸುವುದು ರೂಢಿ. ದಾರ ಕೆಲವು ವಾರಗಳಲ್ಲಿ ಕರಗುತ್ತದೆ. ಕೆಲವರಿಗೆ ಎರಡನೇ ಸಲವೂ ಬೇಕಾಗಬಹುದು, ಇದನ್ನು ಮೊದಲೇ ಹೇಳುವ ವೈದ್ಯರು ನಂಬಿಕೆಗೆ ಯೋಗ್ಯರು.

ಕೊಪ್ಪಳದಲ್ಲಿ 2015ರಿಂದ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಅಂಗನವಾಡಿ, ಶಾಲೆಗಳಿಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಬರುತ್ತವೆ. ತಲೆ ವಾಲಿಸುವ ಮಗುವನ್ನು ಅವರ ಮುಂದೆ ನಿಲ್ಲಿಸುವುದು ಟೀಚರಮ್ಮನಿಂದಲೂ ಆಗುವ ಕೆಲಸ.

ದೊಡ್ಡವರ ಶಸ್ತ್ರಚಿಕಿತ್ಸೆಯಲ್ಲಿ ಕೆಲವೊಮ್ಮೆ ಸ್ನಾಯು ಹೊಲಿದ ದಾರವನ್ನು ಜಾರುಗಂಟಿನಲ್ಲಿ ಬಿಡುತ್ತಾರೆ. ಅರಿವಳಿಕೆ ಇಳಿದು ರೋಗಿ ಎಚ್ಚರವಾದ ಮೇಲೆ ಎದುರಿಗೊಂದು ಗುರುತು ತೋರಿಸಿ, ಎಷ್ಟು ಕಾಣುತ್ತಿವೆ ಎಂದು ಕೇಳುತ್ತಾ ತುಸು ಬಿಗಿ, ತುಸು ಸಡಿಲ ಮಾಡುತ್ತಾರೆ. ಇಂದ್ರಿಯ ತಂದ ಅರಿವು ಸರಿಯೆ ತಪ್ಪೆ ಎಂದು ಕೊನೆಗೆ ತೀರ್ಮಾನಿಸುವುದು ಜೀವನೊಳಗಿನ ಸಾಕ್ಷಿ ಎನ್ನುತ್ತದೆ ಮಧ್ವರ ದ್ವೈತ. ಇಲ್ಲಿಯೂ ಅಳತೆಯೆಲ್ಲ ಮುಗಿದ ಮೇಲೆ ಗಂಟು ಬೀಳುವುದು ರೋಗಿ ‘ಒಂದ ಐತ್ರಿ’ ಎಂದ ಮೇಲೆಯೇ. ನೇರ ನೋಟದಲ್ಲಿ ಮತ್ತು ಓದುವ ಮಟ್ಟದಲ್ಲಿ ಒಂದಾಗಿ ಕಾಣಿಸುವುದು ಈ ಚಿಕಿತ್ಸೆಯ ಗುರಿ. ಕಣ್ಣನ್ನು ತೀರ ಮೂಲೆಗೆ ತಿರುಗಿಸಿದಾಗ ಎರಡು ಕಂಡರೆ ಹೆಚ್ಚಿನವರು ತಲೆಯನ್ನೇ ತಿರುಗಿಸಿ ನೋಡುವುದನ್ನು ರೂಢಿಸಿಕೊಳ್ಳುತ್ತಾರೆ.